ವರ್ತಕರ ಸಂಸ್ಥೆಯ ಕತೆ, ನಮ್ಮ ಸಂಘದ ಲೆಕ್ಕ

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಭಾಷಣ ನಮ್ಮ ಕಸುಬಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ತೋಟಕ್ಕೆ ಇಳಿದವರು ನಾವು. ಬೆಳ್ಳಿ ಹಬ್ಬಕ್ಕೆ ಯಾರಾದರೂ ಒಬ್ಬರು ಸಂಘ ಬೆಳೆದು ಬಂದ ದಾರಿ ಹೇಳಬೇಕು ಅಂತ ಆಡಳಿತ ಮಂಡಳಿಯಲ್ಲಿ ಮಾತು ಬಂದಾಗ, ಆ ಕೆಲಸ ಕಾರ್ಯದರ್ಶಿಗಳು ವರದಿಯಲ್ಲಿ ಮಾಡ್ತಾರೆ, ನಾವು ಬೇರೆ ಒಂದು ಸಂಘದ ಕತೆ ಹೇಳ್ತೀವಿ ಅಂದೆವು. ಯಾವ ಸಂಘ ಅಂದರು. ವರ್ತಕರ ಸಂಘ ಅಂದೆವು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, "ಏನಪ್ಪಾ, ನಮ್ಮ ಹಬ್ಬದಾಗೆ ಮಂಡಿಯೋರ ಪುರಾಣ ಯಾಕೆ ಓದ್ತೀಯಾ?" ಅಂತ ಕೇಳಿಯೇ ಬಿಟ್ಟರು. ಯಾಕೆ ಅನ್ನೋದು ಮುಂದೆ ಬರುತ್ತೆ, ಸ್ವಲ್ಪ ತಾಳಿ.

ಕೆಲವು ವರ್ಷಗಳ ಹಿಂದೆ ನಿರ್ದೇಶಕರ ತರಬೇತಿ ಅಂತ ನಾವು ಬೆಂಗಳೂರಿಗೆ ಹೋಗಿದ್ದೆವು. ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಕೆಂಪೇಗೌಡ ರಸ್ತೆಯಲ್ಲಿ ಮೈಸೂರು ಬ್ಯಾಂಕ್ ಸರ್ಕಲ್ ಕಡೆಗೆ ನಡೆದುಕೊಂಡು ಹೋಗ್ತಾ ಇದ್ದಾಗ ಒಂದು ಬೋರ್ಡು ಕಣ್ಣಿಗೆ ಬಿತ್ತು. ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ. ಎಫ್‌ಕೆಸಿಸಿಐ ಅಂತ ಪೇಪರಿನಲ್ಲಿ ಬರ್ತದಲ್ಲ, ಅದೇ. ಬಜೆಟ್ಟಿನ ಮುಂಚೆ ಮುಖ್ಯಮಂತ್ರಿಗಳಿಗೆ ಮನವಿ ಕೊಡೋರು, ತೆರಿಗೆ ಜಾಸ್ತಿಯಾದರೆ ಮಾರನೇ ದಿನವೇ ಹೇಳಿಕೆ ಕೊಡೋರು. ಅದು ಹುಟ್ಟಿದ್ದು 1916ರಲ್ಲಿ ಅಂತ ಆಮೇಲೆ ತಿಳಿಯಿತು. ಅಂದರೆ ನಮ್ಮ ತಾತಂದಿರು ದನ ಕಾಯುವ ಹುಡುಗರಾಗಿದ್ದ ಕಾಲ.

ಆಗ ನಮ್ಮದು ಮೈಸೂರು ಸಂಸ್ಥಾನ. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು. ಸರ್ ಎಂ. ವಿಶ್ವೇಶ್ವರಯ್ಯನವರು ಇನ್ನೂ ಮುಖ್ಯ ಎಂಜಿನಿಯರ್ ಆಗಿದ್ದಾಗಲೇ, 1911ರಲ್ಲಿ, ಮೈಸೂರು ಆರ್ಥಿಕ ಸಮ್ಮೇಳನ ಅಂತ ಒಂದು ಏರ್ಪಾಡು ಶುರುವಾಯಿತು. ಅದರಲ್ಲಿ ಮೂರು ಸಮಿತಿ: ಬೇಸಾಯಕ್ಕೊಂದು, ವಿದ್ಯಾಭ್ಯಾಸಕ್ಕೊಂದು, ಕೈಗಾರಿಕೆ ಮತ್ತು ವ್ಯಾಪಾರಕ್ಕೊಂದು. ಜಿಲ್ಲೆ, ತಾಲ್ಲೂಕು ಮಟ್ಟಕ್ಕೂ ಸಮಿತಿಗಳನ್ನು ಮಾಡಿದರು. ನೋಡಿ, ಬೇಸಾಯಕ್ಕೂ ಅಲ್ಲಿ ಸಮವಾದ ಜಾಗ ಇತ್ತು. ಇದನ್ನು ಜ್ಞಾಪಕ ಇಟ್ಟುಕೊಳ್ಳಿ.

1912ರ ಕೊನೆಗೆ ವಿಶ್ವೇಶ್ವರಯ್ಯನವರು ದಿವಾನರಾದರು. ಮರು ವರ್ಷವೇ ಮೈಸೂರು ಬ್ಯಾಂಕು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ಅದೇ ವರ್ಷ ಬೆಂಗಳೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ, ಅದೇ ವರ್ಷ ಮೈಸೂರು ಚೇಂಬರ್ ಆಫ್ ಕಾಮರ್ಸ್. ಈಗಿನ ಮಹಾಸಂಸ್ಥೆಯ ಮೊದಲ ಹೆಸರು ಅದೇ.

ಗಂಧದೆಣ್ಣೆ ವಿಷಯ ಒಂದು ಮಾತು ಹೇಳಲೇಬೇಕು, ಯಾಕಂದ್ರೆ ಅದು ನಮ್ಮ ಕೊಬ್ಬರಿಗೂ ತಾಗುತ್ತೆ. ಮೈಸೂರಿನ ಗಂಧದ ಮರ ಮೊದಲು ಮರವಾಗಿಯೇ ಹೊರಗೆ ಹೋಗ್ತಿತ್ತು. ಎಣ್ಣೆ ತೆಗೆಯೋರು ಜರ್ಮನಿಯವರು. 1914ರಲ್ಲಿ ಮಹಾಯುದ್ಧ ಶುರುವಾಯಿತು, ಆ ದೇಶದವರ ಖರೀದಿ ನಿಂತಿತು, ಮರ ಇಲ್ಲೇ ಬಿತ್ತು. ಎಷ್ಟೇ ಬೆಲೆಬಾಳುವ ಮಾಲಾದರೂ ಕೊಳ್ಳೋನು ದೂರದಲ್ಲಿದ್ದು, ಅವನೊಬ್ಬನನ್ನೇ ನಂಬಿದರೆ ಇದೇ ಗತಿ. ಆವಾಗ ಎಣ್ಣೆಯನ್ನು ಇಲ್ಲೇ ತೆಗೆಯೋಣ ಅಂತ ಕಾರ್ಖಾನೆ ಹಾಕಿದರು. ನಮ್ಮ ಉಂಡೆ ಕೊಬ್ಬರಿಯನ್ನು ತಿನ್ನೋರು ಹೆಚ್ಚಾಗಿ ಉತ್ತರ ಹಿಂದೂಸ್ಥಾನದವರು. ಅಲ್ಲಿ ಹಬ್ಬ ಹುಣ್ಣಿಮೆ, ಮದುವೆ ಇದ್ದರೆ ಇಲ್ಲಿ ಬೆಲೆ. ಇಲ್ಲದಿದ್ದರೆ ಅಟ್ಟದ ಮೇಲೆ ಇಲಿಗೆ.

ಚೇಂಬರ್ ಅನ್ನೋದು ನಮ್ಮ ದೇಶದಲ್ಲಿ ಹುಟ್ಟಿದ ಪದ್ಧತಿ ಅಲ್ಲ. ಫ್ರಾನ್ಸಿನ ಮಾರ್ಸೇಲ್ ಅನ್ನೋ ಬಂದರಿನಲ್ಲಿ 1599ರಷ್ಟು ಹಿಂದೆಯೇ ವರ್ತಕರು ಹೀಗೆ ಒಂದಾಗಿದ್ದರು. ನಮ್ಮ ದೇಶಕ್ಕೆ ಅದನ್ನು ತಂದೋರು ಇಂಗ್ಲಿಷ್ ವ್ಯಾಪಾರಿಗಳು. ಮುಂಬೈಯಲ್ಲಿ, ಮದ್ರಾಸಿನಲ್ಲಿ ಎರಡೂ ಕಡೆ 1836ರಲ್ಲಿ ಚೇಂಬರ್ ಆದವು. ಬಿಳಿಯರ ಕಂಪನಿಗಳ ಹಿತ ಕಾಯೋದೇ ಅವುಗಳ ಮುಖ್ಯ ಕೆಲಸ. ಅದನ್ನು ನೋಡಿ ನೋಡಿ ಮುಂಬೈಯ ನಮ್ಮ ವರ್ತಕರು 1907ರಲ್ಲಿ ತಮ್ಮದೇ ಇನ್ನೊಂದು ಕಟ್ಟಿಕೊಂಡರು. 1927ರಲ್ಲಿ ಇಡೀ ದೇಶಕ್ಕೆ ಸೇರಿ ಎಫ್‌ಐಸಿಸಿಐ ಬಂತು.

ನಮ್ಮ ಕನ್ನಡ ಸೀಮೆ ಆಗ ಹರಿದು ಹಂಚಿಹೋಗಿತ್ತು. ಹುಬ್ಬಳ್ಳಿ ಮುಂಬೈ ಪ್ರಾಂತ್ಯ, ಮಂಗಳೂರು ಮದ್ರಾಸ್ ಪ್ರಾಂತ್ಯ, ನಮ್ಮ ಹೊಸದುರ್ಗ ಮೈಸೂರು. ಆದರೂ ಹುಬ್ಬಳ್ಳಿಯ ವರ್ತಕರು 1928ರಲ್ಲಿ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಮಾಡಿದರು. ಹೆಸರು ಗಮನಿಸಿ. ಕರ್ನಾಟಕ ಅನ್ನೋ ರಾಜ್ಯವೇ ಇಲ್ಲದ ದಿನ, 1956ರ ಏಕೀಕರಣಕ್ಕೆ 28 ವರ್ಷ ಮೊದಲೇ ಅಂಗಡಿ ಬೋರ್ಡಿನ ಮೇಲೆ ಕರ್ನಾಟಕ ಬರೆಸಿದ್ದರು. ಮಂಗಳೂರಿನವರದು ಕೆನರಾ ಚೇಂಬರ್, 1940ರಲ್ಲಿ. ಮೈಸೂರು ಚೇಂಬರ್ ಮಾತ್ರ ರಾಜಧಾನಿಯ ಹತ್ತಿರ ಇದ್ದುದರಿಂದ, ರಾಜ್ಯ ದೊಡ್ಡದಾದಂತೆ ತಾನೂ ಬೆಳೆದು, ಜಿಲ್ಲೆ ಜಿಲ್ಲೆಯ ಚೇಂಬರುಗಳನ್ನು ಜೊತೆ ಸೇರಿಸಿಕೊಂಡು ಮಹಾಸಂಸ್ಥೆಯಾಯಿತು. 2016ಕ್ಕೆ ನೂರು ತುಂಬಿತು.

ಇಷ್ಟು ಚರಿತ್ರೆ ಸಾಕು. ಅವರು ಮಾಡೋ ಕೆಲಸ ಏನು ಅಂತ ನಾವು ತಿಳಿದವರನ್ನು ಕೇಳಿದೆವು. ಅಲ್ಲಿ ಮಾಲು ಮಾರೋದಿಲ್ಲ, ಸಾಲ ಕೊಡೋದಿಲ್ಲ. ಸದಸ್ಯರು ಚಂದಾ ಕಟ್ತಾರೆ. ಆ ದುಡ್ಡಿನಲ್ಲಿ ಕಚೇರಿ, ಗುಮಾಸ್ತರು, ಕಾನೂನು ತಿಳಿದವರು. ಪರದೇಶಕ್ಕೆ ಮಾಲು ಕಳಿಸೋರಿಗೆ ಈ ಮಾಲು ಇಂಥಾ ದೇಶದ್ದೇ ಅಂತ ಸರ್ಟಿಫಿಕೇಟು ಬರೆದುಕೊಡ್ತಾರೆ. ಕಾನೂನಿನ ಕರಡು ಬಂದರೆ ಓದ್ತಾರೆ. ಯಾವ ಸಾಲಿನಿಂದ ಯಾರಿಗೆ ನಷ್ಟ ಅಂತ ಗುರುತು ಹಾಕಿ, ಕಾಗದದ ಮೇಲೆ ಬರೆದು, ಕಾನೂನು ಆಗೋದಕ್ಕೆ ಮುಂಚೆ ಕೊಡ್ತಾರೆ. ಅದೇ ನೋಡಿ ಗುಟ್ಟು, ಮುಂಚೆ. ನಾವು ರೈತರು ಬೆಲೆ ಬಿದ್ದ ಮೇಲೆ ರಸ್ತೆಗೆ ಬರ್ತೀವಿ. ಹೆದ್ದಾರಿಯಲ್ಲಿ ಕಾಯಿ ಸುರೀತೀವಿ. ಫೋಟೋ ಬರುತ್ತೆ. ತಹಶೀಲ್ದಾರರು ಬಂದು ಮನವಿ ತಗೋತಾರೆ. ಆ ಮನವಿಯ ಒಂದು ಪ್ರತಿ ಆದರೂ ನಮ್ಮ ಕಚೇರಿಯ ಬೀರುವಿನಲ್ಲಿ ಇದೆಯಾ ಅಂತ ಮೊನ್ನೆ ಹುಡುಕಿಸಿದೆವು. ಇಲ್ಲ.

ವರ್ತಕರು ಸಾಧುಗಳು ಅಂತ ನಾವು ಹೇಳ್ತಿಲ್ಲ. ಒಂದೇ ಬೀದಿಯ ಎರಡು ಮಂಡಿಯವರು ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಎಳೀತಾರೆ. ಬಿಳಿಚೀಟಿ ವ್ಯವಹಾರ, ತೂಕದಲ್ಲಿ ಕಡಿತ, ಎಲ್ಲಾ ನೀವು ಕಂಡದ್ದೇ. ಚೇಂಬರಿನಲ್ಲೂ ದೊಡ್ಡ ಕಾರ್ಖಾನೆಯವರ ಮಾತು ಕೇಳಿದಷ್ಟು ಸಣ್ಣ ಅಂಗಡಿಯವನ ಮಾತು ಕೇಳೋದಿಲ್ಲ ಅನ್ನೋ ದೂರು ಎಲ್ಲಾ ಕಡೆ ಇದ್ದದ್ದೇ. ಆದರೆ ಹಗಲೆಲ್ಲಾ ಜಗಳ ಆಡಿದವರು ಸಂಜೆ ಒಂದೇ ಕಾಗದಕ್ಕೆ ರುಜು ಹಾಕ್ತಾರೆ. ಅಷ್ಟನ್ನು ಒಪ್ಪಲೇಬೇಕು.

ಈಗ ಹಿರಿಯರು ಕೇಳಿದ ಪ್ರಶ್ನೆಗೆ ಬರೋಣ.

ಗದಗ ತಾಲ್ಲೂಕಿನ ಕಣಗಿನಹಾಳದ ಹೆಸರನ್ನು ಸಹಕಾರ ಸಪ್ತಾಹದಲ್ಲಿ ವರ್ಷಾ ಕೇಳ್ತೀರಿ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ರೈತರ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. 1904ರ ಕಾಯಿದೆ ಬಂದ ಮರು ವರ್ಷವೇ. ಮೈಸೂರು ಸಂಸ್ಥಾನವೂ 1905ರಲ್ಲೇ ಸಹಕಾರ ಸಂಘಗಳ ಕಾನೂನು ಮಾಡಿತು. ಮೈಸೂರು ಚೇಂಬರ್ ಆದದ್ದು 1916. ಲೆಕ್ಕ ಹಾಕಿ: ನಾವು ಹನ್ನೊಂದು ವರ್ಷ ದೊಡ್ಡೋರು! ಅಣ್ಣ ನಾವು, ತಮ್ಮ ಅವರು. ತಮ್ಮ ವಿಧಾನಸೌಧದ ಒಳಗೆ ಕುರ್ಚಿ ಮೇಲೆ ಕೂತು ಮಾತಾಡ್ತಾನೆ, ಅಣ್ಣ ಯೂರಿಯಾ ಬಂತಾ ಅಂತ ಸೊಸೈಟಿ ಬಾಗಿಲಲ್ಲಿ ನಿಂತಿದ್ದಾನೆ.

ಯಾಕೆ ಹೀಗಾಯ್ತು? ನಮಗೆ ತೋರಿದ್ದನ್ನು ಹೇಳ್ತೀವಿ, ತಪ್ಪಿದ್ದರೆ ತಿದ್ದಿ. ನಮ್ಮ ಸಂಘಗಳನ್ನು ನಾವು ಸಾಲದ ಕಿಟಕಿ ಮಾಡಿಕೊಂಡೆವು. ಬೆಳೆ ಸಾಲ, ಗೊಬ್ಬರ, ಪಡಿತರ, ಅಷ್ಟಕ್ಕೆ ಮುಗೀತು. ಇವು ಬೇಡ ಅಂತಲ್ಲ. ಬಡ್ಡಿ ಇಲ್ಲದ ಸಾಲ ಸಿಗದೇ ಇದ್ದಿದ್ರೆ ಈ ಸಭೆಯಲ್ಲಿ ಎಷ್ಟು ಜನರ ಜಮೀನು ಉಳೀತಿತ್ತೋ ದೇವರೇ ಬಲ್ಲ. ಆದರೆ ಸಾಲ ಮಾತ್ರ ಸಂಘದ್ದು, ಮಾಲು ನಮ್ಮ ನಮ್ಮದು ಅಂತ ಇಟ್ಟುಕೊಂಡೆವು. ಚಂದಾ ಅಂದರೆ ಕೈ ಜೇಬಿಗೆ ಹೋಗಲ್ಲ. ಸರ್ವಸದಸ್ಯರ ಸಭೆಗೆ ಕೋರಂ ಆಗೋದು ಊಟದ ಹೊತ್ತಿಗೆ. ತಪ್ಪು ತಿಳೀಬೇಡಿ, ಇವತ್ತು ಪಾಯಸ ಇದೆ.

ಎಲ್ಲಾ ಕಡೆ ಹೀಗೇ ಅಂತಲೂ ಅಲ್ಲ. ಶಿರಸಿಯ ಅಡಿಕೆ ತೋಟದವರು 1923ರಲ್ಲೇ ತೋಟಗಾರ್ಸ್ ಸೇಲ್ ಸೊಸೈಟಿ ಮಾಡಿ, ಮಾಲನ್ನು ತಮ್ಮ ಸಂಘದ ಮೂಲಕವೇ ಮಾರೋದು ಕಲಿತರು. 1970ರ ದಶಕದ ಮೊದಲಲ್ಲಿ ಅಡಿಕೆ ಬೆಲೆ ನೆಲ ಕಚ್ಚಿದಾಗ ದಕ್ಷಿಣ ಕನ್ನಡ, ಕಾಸರಗೋಡಿನ ಬೆಳೆಗಾರರು ಸೇರಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಸಂಘವೇ ಖರೀದಿಗೆ ಇಳಿದದ್ದರಿಂದ ಹೊರಗಿನ ವ್ಯಾಪಾರಿಯೂ ಆ ದರ ನೋಡಿಯೇ ಮಾತಾಡಬೇಕಾಯಿತು. ಮುಂದೆ ಕೋಕೋ ಕೊಳ್ಳೋರಿಲ್ಲ ಅಂದಾಗ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಹಾಕಿದರು. ಅವರೂ ರೈತರೇ, ನಮ್ಮ ಹಾಗೆ ಪಂಚೆ ಉಡೋರೇ.

ನಮ್ಮ ಕೊಬ್ಬರಿಗೆ ಬನ್ನಿ. ನಮ್ಮ ದೊಡ್ಡ ಪೇಟೆ ತಿಪಟೂರು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಪೇಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಹೋಯಿತು. ನಾಫೆಡ್ ಖರೀದಿಗೆ ಹೆಸರು ಬರೆಸೋಕೆ ರಾತ್ರಿಯೆಲ್ಲಾ ಸಾಲಿನಲ್ಲಿ ಚಪ್ಪಲಿ ಇಟ್ಟು ಕಾದವರು ಇಲ್ಲೇ ಕೂತಿದ್ದೀರಿ. 2025ರಲ್ಲಿ ಬೆಂಬಲ ಬೆಲೆ 12,100, ಪೇಟೆ ಬೆಲೆ 20,000 ದಾಟಿ ಹೋಯಿತು. ಆಗ ಸಂಘ ಯಾರಿಗೂ ನೆನಪಾಗಲಿಲ್ಲ. ಅಟ್ಟ ಖಾಲಿ ಮಾಡಿ ಮೊದಲೇ ಮಾರಿಕೊಂಡವರಿಗೆ ಹೊಟ್ಟೆ ಉರಿ, ಉಳಿಸಿಕೊಂಡವರಿಗೆ ಬೈಕು.

ಈಗ ಹೇಳಬೇಕಾದ ಮಾತು ಒಂದಿದೆ. ಹೇಳೋಕೆ ಮುಜುಗರ, ಆದರೂ ಈ ವೇದಿಕೆಯಲ್ಲೇ ಹೇಳಿ ಮುಗಿಸ್ತೀವಿ. ಬೆಲೆ ಬಿದ್ದ ಆ ವರ್ಷ ನಮ್ಮ ಸಂಘದಲ್ಲಿ ಎಲ್ಲರ ಕೊಬ್ಬರಿಯನ್ನು ಒಟ್ಟು ಮಾಡಿ ಒಂದೇ ಲಾರಿಯಲ್ಲಿ ಪೇಟೆಗೆ ಒಯ್ಯೋಣ ಅಂತ ತೀರ್ಮಾನ ಆಗಿತ್ತು. 41 ಜನ ಕೈ ಎತ್ತಿದರು. ಲಾರಿ ಬಂದ ದಿನ ಮಾಲು ತಂದವರು 14. ಅರ್ಧ ಲಾರಿ ತುಂಬಲಿಲ್ಲ, ಬಾಡಿಗೆ ಮೈಮೇಲೆ ಬಂತು, ಪೇಟೆಯಲ್ಲಿ ನಗೆಪಾಟಲಾದೆವು. ಯಾರು ಯಾರು ತರಲಿಲ್ಲ ಅಂತ ಆಮೇಲೆ ಊರಿನ ಕಟ್ಟೆ ಮೇಲೆ ಬಹಳ ಮಾತಾಯಿತು. ನಮ್ಮ ಹೆಸರು ಮಾತ್ರ ಯಾರೂ ಎತ್ತಲಿಲ್ಲ, ಯಾಕಂದ್ರೆ ನಾವು 3 ಕ್ವಿಂಟಲ್ ತಂದಿದ್ದೆವು. ಒಪ್ಪಿಕೊಂಡಿದ್ದು 9. ಉಳಿದ ಆರನ್ನು ಹಿಂದಿನ ರಾತ್ರಿ ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ತೂಗಿ ಕೊಟ್ಟಿದ್ದೆವು. ಮಗಳ ಕಾಲೇಜಿನ ಫೀಜು ಕಟ್ಟೋ ಗಡುವು ಇತ್ತು, ಅವನ ಕೈಯಲ್ಲಿ ರೊಕ್ಕ ಇತ್ತು. ಸಂಘದ ಲಾರಿಯ ದುಡ್ಡು ಬರೋದು ಯಾವಾಗಲೋ. ನಿರ್ದೇಶಕರಾದ ನಾವೇ ಹೀಗೆ ಮಾಡಿದ ಮೇಲೆ ಮಿಕ್ಕವರನ್ನು ಏನಂತ ಕೇಳೋದು? ನಮ್ಮ ಮನೆಯವರು, "ಸಭೇಲಿ ಒಂದು, ಮನೇಲಿ ಒಂದು" ಅಂತ ಅಂದ ಮಾತು ಇನ್ನೂ ಕಿವಿಯಲ್ಲಿದೆ.

ಆದ್ದರಿಂದ ಯೋಚನೆ ಮಾಡಿದೆವು. ಜನಕ್ಕೆ ಒಗ್ಗಟ್ಟಿಲ್ಲ ಅಂತ ಬೈದರೆ ಪ್ರಯೋಜನ ಇಲ್ಲ. ಮನೆ ಬಾಗಿಲಿಗೆ ಬಂದವನ ಹತ್ತಿರ ಇರೋ ರೊಕ್ಕ ಸಂಘದ ಹತ್ತಿರವೂ ಇರಬೇಕು. 1913ರಲ್ಲಿ ಮೊದಲು ಬ್ಯಾಂಕು ಮಾಡಿ, ಮೂರು ವರ್ಷ ಬಿಟ್ಟು ಚೇಂಬರ್ ಮಾಡಿದ ವಿಶ್ವೇಶ್ವರಯ್ಯನವರ ಲೆಕ್ಕಾಚಾರ ನಮಗೆ ಈಗ ಅರ್ಥ ಆಗ್ತಿದೆ. ಬೇರೆ ಕಡೆ ಸಂಘಗಳು ಮಾಡೋ ಹಾಗೆ, ಮಾಲು ಗೋದಾಮಿಗೆ ಬಂದ ದಿನವೇ ಬೆಲೆಯ ಒಂದು ಭಾಗ ಮುಂಗಡ ಕೊಟ್ಟು, ಉಳಿದದ್ದು ಮಾರಿದ ಮೇಲೆ ಕೊಡೋ ಏರ್ಪಾಡು ಬೇಕು. ಅದಕ್ಕೆ ನಮ್ಮದೇ ಒಂದು ನಿಧಿ ಬೇಕು. ಸದಸ್ಯರು ತಲೆಗೆ 2,000 ರೂಪಾಯಿ ಹೆಚ್ಚುವರಿ ಷೇರು ಹಾಕಬೇಕು ಅನ್ನೋ ವಿಷಯ ಮುಂದಿನ ಸರ್ವಸದಸ್ಯರ ಸಭೆಗೆ ಬರ್ತದೆ. ಗೊಬ್ಬರ ಇಡೋ ಗೋದಾಮಿನ ಹಿಂದಿನ ಕೋಣೆ ಖಾಲಿ ಇದೆ, ಹೆಂಚು ಒಂದಷ್ಟು ಬದಲಾಯಿಸಿದರೆ ಕೊಬ್ಬರಿಗೆ ಸಾಕು. ಇಲಿ ಕಾಟಕ್ಕೆ ಏನು ಮಾಡೋದು ಅಂತ ಇನ್ನೂ ತಿಳಿದಿಲ್ಲ, ತಿಳಿದವರು ಹೇಳಿ.

ಇನ್ನೊಂದು ಸಣ್ಣ ಕೆಲಸಕ್ಕೆ ದುಡ್ಡೂ ಬೇಡ. ಸಂಘದಲ್ಲಿ ಒಂದು ಪುಸ್ತಕ ಇಡೋಣ. ವಾರಕ್ಕೊಮ್ಮೆ ಪೇಟೆ ದರ, ಊರಿನಲ್ಲಿ ವ್ಯಾಪಾರಿ ಕೊಟ್ಟ ದರ, ಎರಡನ್ನೂ ಬರೆಯೋಣ. ಒಂದು ವರ್ಷದ ಲೆಕ್ಕ ಕೈಯಲ್ಲಿದ್ದರೆ ಬಜೆಟ್ಟಿನ ಮುಂಚೆ ನಾವೂ ಒಂದು ಕಾಗದ ಬರೆದು ಶಾಸಕರ ಕೈಗೆ ಕೊಡಬಹುದು. ಅದರ ಪ್ರತಿ ಬೀರುವಿನಲ್ಲಿ ಇಡಬಹುದು. ನಮ್ಮೂರಿನ ಕಾಲೇಜು ಓದಿದ ಹುಡುಗರು, ಹುಡುಗಿಯರು ಬರೆದುಕೊಡೋಕೆ ಒಪ್ಪಿದ್ದಾರೆ. ನಮ್ಮ ಮಗಳೂ ಅದರಲ್ಲಿ ಒಬ್ಬಳು. ಆರು ಕ್ವಿಂಟಲ್ ಕೊಬ್ಬರಿಯ ಋಣ ಅವಳ ಮೇಲೂ ಇದೆಯಲ್ಲ!

ಊಟಕ್ಕೆ ಹೊತ್ತಾಯಿತು ಅಂತ ಅಧ್ಯಕ್ಷರು ಗಡಿಯಾರ ನೋಡ್ತಿದ್ದಾರೆ. ಹೆಚ್ಚುವರಿ ಷೇರಿಗೆ ಒಪ್ಪೋರ ಹೆಸರು ಬರೆಯೋ ಪುಸ್ತಕ ಕಚೇರಿ ಬಾಗಿಲ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೇವೆ. ಮೊದಲ ಸಾಲಿನಲ್ಲಿ ನಮ್ಮ ಹೆಸರಿದೆ. ಈ ಸಲ ದುಡ್ಡು ಕಟ್ಟಿಯೇ ಬರೆದದ್ದು, ರಸೀದಿ ಕಾರ್ಯದರ್ಶಿಗಳ ಹತ್ತಿರ ನೋಡಬಹುದು. ಎರಡನೇ ಸಾಲು ಖಾಲಿ ಇದೆ.