ಸರಕಿನ ಲೆಕ್ಕಕ್ಕೆ ರೇಡಿಯೋ ತರಂಗ



ಬೆಂಗಳೂರಿನಿಂದ ಪಣಂಬೂರು ಬಂದರಿಗೆ ಹೋಗುವ ಸರಕಿನ ಲಾರಿಗಳು ನಮ್ಮ ಪಡೀಲಿನ ಮೂಲಕ ಹಾದುಹೋಗುವುದನ್ನು ನಾವು ದಿನವೂ ನೋಡುತ್ತೇವೆ. ಅವುಗಳ ಮುಂದಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಚೀಟಿಯೂ ನಿಮಗೆ ಪರಿಚಿತ. 2021ರ ಫೆಬ್ರವರಿಯಲ್ಲಿ ಅದು ಹೆದ್ದಾರಿ ಟೋಲ್‌ಗಳಲ್ಲಿ ಕಡ್ಡಾಯವಾಯಿತು. ಅದರಲ್ಲಿ ಬ್ಯಾಟರಿ ಇಲ್ಲ. ಒಂದು ಪುಟ್ಟ ಚಿಪ್, ತೆಳ್ಳನೆಯ ಆಂಟೆನಾ, ಅಷ್ಟೆ. ಟೋಲ್‌ನ ಯಂತ್ರ ಹೊರಸೂಸುವ ರೇಡಿಯೋ ತರಂಗದಿಂದಲೇ ಶಕ್ತಿ ಪಡೆದು ಅದು ತನ್ನ ಸಂಖ್ಯೆಯನ್ನು ತಿಳಿಸುತ್ತದೆ. ಈ ವಿಧಾನಕ್ಕೆ ಆರ್‌ಎಫ್‌ಐಡಿ ಎನ್ನುತ್ತಾರೆ. ಗೋದಾಮುಗಳಲ್ಲಿ ಸರಕಿನ ಲೆಕ್ಕಕ್ಕೂ ಇದನ್ನೇ ಬಳಸುತ್ತಾರೆ.

ಬಾರ್‌ಕೋಡ್ ಇದ್ದರೆ ಸಾಲದೇ ಎಂದು ನೀವು ಕೇಳಬಹುದು. ಬಾರ್‌ಕೋಡ್ ಓದಲು ಅದು ಯಂತ್ರದ ಕಣ್ಣಿಗೆ ಬೀಳಬೇಕು. ಒಂದೊಂದೇ ಪೆಟ್ಟಿಗೆಯನ್ನು ತಿರುಗಿಸಿ ತೋರಿಸಬೇಕು. ಟ್ಯಾಗ್ ಇದ್ದರೆ ಪೆಟ್ಟಿಗೆಗಳ ರಾಶಿ ಬಾಗಿಲು ದಾಟುವಾಗಲೇ ಹಲವು ಸಂಖ್ಯೆಗಳು ಒಟ್ಟಿಗೆ ದಾಖಲಾಗುತ್ತವೆ. ಅಮೆರಿಕದ ವಾಲ್‌ಮಾರ್ಟ್ ಕಂಪೆನಿ 2003ರಲ್ಲಿ ತನ್ನ 100 ದೊಡ್ಡ ಸರಬರಾಜುದಾರರಿಗೆ, 2005ರ ಜನವರಿಯೊಳಗೆ ಪೆಟ್ಟಿಗೆಗಳಿಗೆ ಟ್ಯಾಗ್ ಹಾಕಿ ಕಳುಹಿಸಬೇಕೆಂದು ಸೂಚಿಸಿತು. ನಮ್ಮ ದೇಶದಲ್ಲಿ 2016ರಲ್ಲಿ ಮುಂಬೈ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಕಂಟೈನರುಗಳಿಗೆ ಟ್ಯಾಗ್ ಹಾಕುವ ವ್ಯವಸ್ಥೆ ಆರಂಭವಾಗಿ, ಬಳಿಕ ಇತರ ಬಂದರುಗಳಿಗೂ ಹಬ್ಬಿತು. ಕಂಟೈನರ್ ಎಲ್ಲಿಯವರೆಗೆ ತಲುಪಿತೆಂದು ವ್ಯಾಪಾರಿ ಕುಳಿತಲ್ಲೇ ತಿಳಿಯುವಂತಾಯಿತು.

ಆದರೆ ಇದಕ್ಕೆ ಮಿತಿಗಳೂ ಇವೆ. ಲೋಹ ಈ ತರಂಗವನ್ನು ತಡೆಯುತ್ತದೆ, ನೀರು ಹೀರಿಕೊಳ್ಳುತ್ತದೆ. ಬಟ್ಟೆಯ ಪೆಟ್ಟಿಗೆಯಲ್ಲಿ ಸುಲಭವಾಗಿ ಓದಿಸಿಕೊಳ್ಳುವ ಚೀಟಿ, ಎಣ್ಣೆಯ ತಗಡಿನ ಡಬ್ಬದ ಮೇಲೋ ನೀರು ಸೋರುವ ಮೀನಿನ ಪೆಟ್ಟಿಗೆಯ ಮೇಲೋ ತೊಡಕು ಕೊಡುತ್ತದೆ. ಅಲ್ಲಿ ಬೇರೆ ಬಗೆಯ, ಹೆಚ್ಚು ಬೆಲೆಯ ಟ್ಯಾಗ್ ಬೇಕಾದೀತು.

ಇನ್ನೊಂದು ವಿಷಯ. ಟ್ಯಾಗ್ ಹೇಳುವುದು ಮುಖ್ಯವಾಗಿ ಒಂದು ಸಂಖ್ಯೆಯನ್ನು. ಶಾಲೆಯ ದಾಖಲಾತಿ ಸಂಖ್ಯೆಯನ್ನು ನೆನಪಿಸಿಕೊಳ್ಳಿ. ಸಂಖ್ಯೆ ನೋಡಿದರೆ ಮಗು ಯಾರೆಂದು ತಿಳಿಯದು, ರಿಜಿಸ್ಟರ್ ತೆರೆಯಬೇಕು. ರಿಜಿಸ್ಟರಿನಲ್ಲಿ ತಪ್ಪು ಬರೆದಿದ್ದರೆ ಯಂತ್ರವೂ ತಪ್ಪನ್ನೇ ಹೇಳುತ್ತದೆ.

ವಿದ್ಯಾರ್ಥಿಗಳೇ, ಬಂದರಿನ ಮಂಡಿಗಳಲ್ಲಿ, ಗಲ್ಫ್ ದೇಶಗಳ ಗೋದಾಮುಗಳಲ್ಲಿ ದುಡಿಯುವವರು ನಮ್ಮ ಮನೆಗಳಲ್ಲೇ ಇದ್ದಾರೆ. ಮೂಟೆ ಎಣಿಸಿ ಬರೆಯುವ ಕೆಲಸದಿಂದ ಎಷ್ಟೋ ಸಂಸಾರಗಳು ಬದುಕಿವೆ. ಯಂತ್ರ ಎಣಿಸತೊಡಗಿದರೆ ಮೊದಲು ಕುತ್ತು ಬರುವುದು ಆ ಕೆಲಸಕ್ಕೆ. ಆದರೆ ಪುಸ್ತಕದಲ್ಲಿ 100, ಗೋದಾಮಿನಲ್ಲಿ 97 ಎಂದು ಬಂದಾಗ ಆ ಮೂರು ಎಲ್ಲಿ ಹೋದವೆಂದು ಹುಡುಕುವವರು ಬೇಕೇ ಬೇಕು. ಅದಕ್ಕೆ ಲೆಕ್ಕಶಾಸ್ತ್ರ, ಕಂಪ್ಯೂಟರ್ ಜ್ಞಾನ, ಸ್ಪಷ್ಟವಾಗಿ ವರದಿ ಬರೆಯುವ ಭಾಷೆ ಮೂರೂ ಬೇಕು. ಎಸ್ಸೆಸ್ಸೆಲ್ಸಿ ಮುಗಿಸಿ ಓದು ನಿಲ್ಲಿಸಿದರೆ ಇವು ಸಿಗುವುದು ಕಷ್ಟ. ಹೆತ್ತವರು ಮಕ್ಕಳನ್ನು ಕೆಲಸಕ್ಕೆ ಕಳುಹಿಸುವ ಮುನ್ನ ಇದನ್ನು ಯೋಚಿಸಬೇಕೆಂದು ವಿನಂತಿ.

ಗೋದಾಮಿನ ಸರಕು ಇನ್ನೊಬ್ಬರ ಅಮಾನತ್. ಅದರ ಲೆಕ್ಕ ಒಪ್ಪಿಸುವ ಹೊಣೆ ಯಂತ್ರದ್ದಲ್ಲ, ನಮ್ಮದು. ಆ ಹೊಣೆ ಹೊರಲು ಬೇಕಾದ ವಿದ್ಯೆಯನ್ನು ನೀವು ಈಗಲೇ ಗಳಿಸಿಕೊಳ್ಳಿ ಎಂದು ಹಾರೈಸುತ್ತಾ ನನ್ನ ಮಾತು ಮುಗಿಸುತ್ತೇನೆ.