ಸಂಬಳವೂ ಭದ್ರತೆಯೂ
(ಶಾಲಾ ರಕ್ಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪರೀಕ್ಷೆಯ ಫಲಿತಾಂಶ ಬಂದೊಡನೆ ತಂದೆತಾಯಂದಿರು ನಮ್ಮನ್ನು ಕೇಳುವ ಪ್ರಶ್ನೆಯೊಂದಿದೆ: “ಮಾಸ್ತರರೆ, ಮಗನನ್ನು ಸರಕಾರಿ ನೌಕರಿಗೆ ಸಿದ್ಧಗೊಳಿಸುವುದೋ, ಬೆಂಗಳೂರಿನ ಕಂಪೆನಿಗೆ ಕಳುಹಿಸುವುದೋ?” ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಆದರೆ ಲೆಕ್ಕ ಹಾಕುವ ಕ್ರಮವೊಂದಿದೆ.

ನಮ್ಮ ಅಡಕೆ ಬೆಳೆಗಾರರು ಧಾರಣೆಯನ್ನು ಮಾತ್ರ ನೋಡಿ ವರ್ಷದ ಆದಾಯವನ್ನು ಹೇಳುವುದಿಲ್ಲ; ಮದ್ದು ಬಿಟ್ಟ ಖರ್ಚು, ಕೂಲಿ, ಮಹಾಳಿ ರೋಗದ ನಷ್ಟ ಇವುಗಳನ್ನು ಕಳೆದೇ ಹೇಳುತ್ತಾರೆ. ಸಂಬಳವನ್ನೂ ಹಾಗೆಯೇ ಎಣಿಸಬೇಕು. ಪಟ್ಟಣದ ಬಾಡಿಗೆ, ಊಟ, ಪ್ರಯಾಣ ಕಳೆದು ಉಳಿಯುವುದೆಷ್ಟು? ಮುಪ್ಪಿನಲ್ಲಿ ಕೈಗೆ ಬರುವುದೆಷ್ಟು?

ಸರಕಾರದ ಖಾಯಂ ನೌಕರನನ್ನು ವಿಚಾರಣೆಯಿಲ್ಲದೆ ಸುಲಭವಾಗಿ ವಜಾ ಮಾಡುವಂತಿಲ್ಲ. ಸಂವಿಧಾನದ 311ನೆಯ ವಿಧಿಯೇ ಅವನಿಗೆ ರಕ್ಷಣೆ. ಆದರೆ ಸರಕಾರಿ ಶಾಲೆಯಲ್ಲಿಯೇ ದಿನವೇತನಕ್ಕೆ ದುಡಿಯುವ ಅಧ್ಯಾಪಕರಿಗೆ ಆ ಭದ್ರತೆಯಿಲ್ಲ. ಪಿಂಚಣಿಯೂ ಮೊದಲಿನಂತೆ ಉಳಿಯಲಿಲ್ಲ. ಕೇಂದ್ರ ಸರಕಾರವು 2004ರ ಜನವರಿ 1ರಿಂದಲೂ, ಕೇರಳ ಸರಕಾರವು 2013ರ ಏಪ್ರಿಲ್ 1ರಿಂದಲೂ ಹೊಸದಾಗಿ ಸೇರುವವರಿಗೆ ನೌಕರನ ವಂತಿಗೆಯೂ ಸೇರುವ ಪಿಂಚಣಿ ಪದ್ಧತಿಯನ್ನು ತಂದವು. ಅಜ್ಜನಿಗೆ ದೊರೆತ ಪಿಂಚಣಿ ಮೊಮ್ಮಗನಿಗೂ ದೊರೆಯುವುದೆಂದು ನಂಬಿ ಕೂರುವುದು ಸರಿಯಲ್ಲ.

ಖಾಸಗಿ ಕೆಲಸವೆಲ್ಲ ಅಭದ್ರವೆಂದೂ ತಿಳಿಯಬಾರದು. 1952ರ ಭವಿಷ್ಯನಿಧಿ ಕಾನೂನು, 1972ರ ಗ್ರಾಚ್ಯುಯಿಟಿ ಕಾನೂನು ಖಾಸಗಿ ನೌಕರರಿಗೂ ಆಸರೆಯಾಗಿ ಬಂದವು. ನೇಮಕ ಪತ್ರದಲ್ಲಿ ಇವುಗಳ ಪ್ರಸ್ತಾಪವಿದೆಯೇ, ಎಷ್ಟು ದಿನಗಳ ಮುನ್ಸೂಚನೆ ಕೊಟ್ಟು ಕೆಲಸದಿಂದ ಬಿಡಿಸಬಹುದು ಎಂಬುದನ್ನು ಓದಿದ ಮೇಲೆಯೇ ಸಹಿ ಹಾಕಬೇಕು.

ನಮ್ಮ ನೆರೆಯ ಬ್ಯಾಂಕುಗಳನ್ನೇ ನೋಡಿರಿ. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕೂ, 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕೂ ಖಾಸಗಿ ಸಂಸ್ಥೆಗಳಾಗಿದ್ದವು. 1969ರ ಜುಲಾಯಿ 19ರಂದು ಎರಡೂ ರಾಷ್ಟ್ರೀಕೃತವಾದವು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. 1924ರಲ್ಲಿ ಮಂಗಳೂರಿನಲ್ಲಿಯೇ ಹುಟ್ಟಿದ ಕರ್ನಾಟಕ ಬ್ಯಾಂಕು ಖಾಸಗಿಯಾಗಿಯೇ ನೂರು ವರ್ಷಗಳನ್ನು ದಾಟಿತು. ಸಂಸ್ಥೆಯ ಹೆಸರೂ ಒಡೆತನವೂ ಬದಲಾಗಬಹುದು. ಕಲಿತ ಕೆಲಸ ಮಾತ್ರ ಕಲಿತವನಲ್ಲಿ ಉಳಿಯುತ್ತದೆ.

ವಿದ್ಯಾರ್ಥಿಗಳೆ, ನಮ್ಮ ಜಿಲ್ಲೆಯಲ್ಲಿ ಕನ್ನಡ ಬಲ್ಲವರಿಗೆಂದೇ ಲೋಕಸೇವಾ ಆಯೋಗವು ಕೆಲವು ಹುದ್ದೆಗಳಿಗೆ ಅರ್ಜಿ ಕರೆಯುವುದುಂಟು. ಗುಮಾಸ್ತರ ಹುದ್ದೆಗೆ ಕನ್ನಡದೊಡನೆ ಮಲೆಯಾಳವೂ ಬೇಕು. ಕನ್ನಡವನ್ನು ಚೆನ್ನಾಗಿ ಕಲಿಯಿರಿ. ಮಲೆಯಾಳವನ್ನೂ ಇಂಗ್ಲಿಷನ್ನೂ ಅಲಕ್ಷಿಸದಿರಿ. ಪರೀಕ್ಷೆಗಳನ್ನು ಅವಶ್ಯವಾಗಿ ಬರೆಯಿರಿ. ಆದರೆ ಆದೇಶದ ದಾರಿ ಕಾಯುತ್ತಾ ವಯೋಮಿತಿ ಮೀರುವ ತನಕ ಸುಮ್ಮನೆ ಕೂರಬೇಡಿರಿ. ಆ ವರ್ಷಗಳನ್ನು ಯಾವ ಸರಕಾರವೂ ಹಿಂದಿರುಗಿಸದು. ಕೈಗೆ ಬಂದ ಪ್ರಾಮಾಣಿಕವಾದ ಕೆಲಸವನ್ನು ಮಾಡುತ್ತಲೇ ಓದಿರಿ.

ರಕ್ಷಕರೆ, ಮಕ್ಕಳ ಮೊದಲ ಸಂಬಳದ ಮೊತ್ತವನ್ನು ನೆರೆಮನೆಯವರೊಡನೆ ಹೋಲಿಸಬೇಡಿರಿ. ಆ ಕೆಲಸದಲ್ಲಿ ಅವರು ಏನನ್ನು ಕಲಿಯುತ್ತಿದ್ದಾರೆಂದು ಕೇಳಿರಿ. ಇದೇ ನಮ್ಮ ವಿಜ್ಞಾಪನೆ.