ಮಕ್ಕಳು ಬರೆದ 97ನ್ನು ಅಳಿಸಬೇಡಿ

(ಹಾಸನದಲ್ಲಿ ನಡೆದ ವಿಜ್ಞಾನ ಶಿಕ್ಷಕರ ಸಮಾವೇಶದ ಅಧ್ಯಕ್ಷ ಭಾಷಣ)



ಅಧ್ಯಕ್ಷರು ಕೊನೆಯಲ್ಲಿ ಮಾತಾಡಬೇಕೆಂಬುದು ನಮ್ಮ ಸಭೆಗಳ ಪದ್ಧತಿ. ಅಷ್ಟು ಹೊತ್ತಿಗೆ ಹೇಳಬೇಕಾದ್ದನ್ನೆಲ್ಲ ಬೇರೆಯವರು ಹೇಳಿ ಮುಗಿಸಿರುತ್ತಾರೆ. ಉದ್ಘಾಟಕರು ಸಂವಿಧಾನದ 51ಎ ವಿಧಿಯನ್ನು ನೆನಪಿಸಿ, ವೈಜ್ಞಾನಿಕ ಮನೋಭಾವ ಬೆಳೆಸುವುದು ಪ್ರಜೆಯ ಕರ್ತವ್ಯ ಎಂದರು. ಚಪ್ಪಾಳೆಯೂ ಬಿತ್ತು. ನಾನು ಅಷ್ಟು ಎತ್ತರಕ್ಕೆ ಹೋಗುವುದಿಲ್ಲ. ಆರು, ಏಳು, ಎಂಟನೇ ತರಗತಿಯಲ್ಲಿ ನಾವು ಮಾಡುವ ಪಾಠದ ಬಗ್ಗೆ ಒಂದೇ ಒಂದು ತಕರಾರು ಎತ್ತುತ್ತೇನೆ.

ಒಂದು ಶಾಲೆಯಲ್ಲಿ ಕಂಡದ್ದು. ಬೀಕರಿನಲ್ಲಿ ನೀರು ಕುದಿಯುತ್ತಿದೆ. ಥರ್ಮಾಮೀಟರ್ ಹಿಡಿದ ಹುಡುಗಿ ಬಗ್ಗಿ ನೋಡಿ, ಇನ್ನೊಮ್ಮೆ ನೋಡಿ, ನೋಟ್‌ಬುಕ್ಕಿನಲ್ಲಿ 97 ಎಂದು ಬರೆದಳು. ಮೇಷ್ಟ್ರು ಬಂದರು. ‘ಪುಸ್ತಕದಲ್ಲಿ ಎಷ್ಟಿದೆ?’ ಎಂದರು. ರಬ್ಬರು ಹೊರಬಂತು, 97 ಹೋಗಿ 100 ಕೂತಿತು. ಗದರಿಸಲಿಲ್ಲ, ಹೊಡೆಯಲಿಲ್ಲ. ಎಲ್ಲವೂ ಬಹಳ ಮೃದುವಾಗಿ ನಡೆಯಿತು.

ಆದರೆ ಹುಡುಗಿ ಸರಿಯಾಗಿಯೇ ನೋಡಿದ್ದಳು. ಹಾಸನ ಸಮುದ್ರ ಮಟ್ಟದಿಂದ ಹೆಚ್ಚುಕಡಿಮೆ 950 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಆದ್ದರಿಂದ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. 100 ಎಂಬುದು ಸಮುದ್ರ ಮಟ್ಟದ ಲೆಕ್ಕ. ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ಕುದಿಸಿದರೆ 100ರ ಹತ್ತಿರ ಬರುತ್ತದೆ. ಥರ್ಮಾಮೀಟರೇ ಅರ್ಧ-ಒಂದು ಡಿಗ್ರಿ ತಪ್ಪು ತೋರಿಸುವುದೂ ಉಂಟು. ಅದನ್ನೂ ಮಕ್ಕಳೇ ಪತ್ತೆ ಹಚ್ಚಬಹುದು, ಒಂದರ ಬದಲು ಮೂರು ಥರ್ಮಾಮೀಟರ್ ಅದ್ದಿದರೆ ಸಾಕು. ಆ ಮೂರು ಡಿಗ್ರಿಯ ವ್ಯತ್ಯಾಸದಲ್ಲಿ ವಾತಾವರಣ, ಒತ್ತಡ, ಎತ್ತರ, ಅಳತೆಯ ದೋಷ ಎಲ್ಲವೂ ಅಡಗಿತ್ತು. ಒಂದು ವಾರದ ಪಾಠ ರಬ್ಬರಿಗೆ ಹೋಯಿತು.

ಇನ್ನೊಂದು ಪ್ರಯೋಗ ನಮ್ಮಲ್ಲಿ ಎಲ್ಲರೂ ಮಾಡಿದ್ದೇ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದ ಬತ್ತಿ, ಮೇಲೆ ಗಾಜಿನ ಲೋಟ ಬೋರಲು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ನಾವು ಹೇಳುವುದೇನು? ಆಮ್ಲಜನಕ ಉರಿದು ಖಾಲಿಯಾಯಿತು, ಆ ಜಾಗಕ್ಕೆ ನೀರು ಬಂತು, ಐದನೇ ಒಂದು ಭಾಗ ಏರಿತು, ಆದ್ದರಿಂದ ಗಾಳಿಯಲ್ಲಿ ಐದನೇ ಒಂದು ಪಾಲು ಆಮ್ಲಜನಕ. ಕೇಳಲು ಎಷ್ಟು ಚೆನ್ನಾಗಿದೆ!

ಈಗ ದಯವಿಟ್ಟು ಮಕ್ಕಳ ಪಕ್ಕದಲ್ಲಿ ಕೂತು, ನೀರು *ಯಾವಾಗ* ಏರುತ್ತದೆ ಎಂದು ನೋಡಿ. ಬತ್ತಿ ಉರಿಯುವಷ್ಟು ಹೊತ್ತೂ ನೀರು ಹೆಚ್ಚೇನೂ ಅಲುಗುವುದಿಲ್ಲ. ಜ್ವಾಲೆ ಆರುತ್ತಲೇ ಸರಸರನೆ ಮೇಲೇರುತ್ತದೆ. ಆಮ್ಲಜನಕ ಖರ್ಚಾಗುವುದರಿಂದಲೇ ನೀರು ಏರುವುದಾದರೆ ಉರಿಯುವಾಗಲೇ ನಿಧಾನವಾಗಿ ಏರುತ್ತ ಹೋಗಬೇಕಿತ್ತು. ಮೇಲಾಗಿ, ಅದೇ ಲೋಟದ ಕೆಳಗೆ ಒಂದರ ಬದಲು ಮೂರು ಬತ್ತಿ ಇಡಿ. ನೀರು ಇನ್ನೂ ಮೇಲಕ್ಕೆ ಹೋಗುತ್ತದೆ. ಲೋಟ ಅದೇ, ಗಾಳಿ ಅಷ್ಟೇ. ಹೆಚ್ಚಿನ ಆಮ್ಲಜನಕ ಎಲ್ಲಿಂದ ಬಂತು? ನಡೆದದ್ದು ಇಷ್ಟು: ಬತ್ತಿಯ ಬಿಸಿಗೆ ಲೋಟದ ಗಾಳಿ ಹಿಗ್ಗಿ ಒಂದಿಷ್ಟು ಹೊರಗೆ ಹೋಗಿರುತ್ತದೆ. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ. ಆಮ್ಲಜನಕ ಪೂರ್ತಿ ಖರ್ಚಾಗುವ ಮೊದಲೇ ಬತ್ತಿ ಆರಿಹೋಗುತ್ತದೆ. ಒಳಗೆ ಇನ್ನೂ ಸಾಕಷ್ಟು ಉಳಿದಿರುತ್ತದೆ. ಗಾಳಿಯಲ್ಲಿ ಶೇಕಡ 21 ಆಮ್ಲಜನಕ ಇರುವುದು ನಿಜ. ಅಂಕಿ ಸರಿ, ನಾವು ಕೊಟ್ಟ ಸಾಕ್ಷಿ ಸುಳ್ಳು. ತಲೆಮಾರುಗಳಿಂದ ಈ ಸುಳ್ಳುಸಾಕ್ಷಿ ನಡೆದುಕೊಂಡು ಬಂದಿದೆ, ಯಾಕೆಂದರೆ ಪ್ರಯೋಗ ಮಾಡುವಾಗ ನಮ್ಮ ಕಣ್ಣು ಲೋಟದ ಮೇಲಿರುವುದಿಲ್ಲ, ಪುಸ್ತಕದ ತೀರ್ಮಾನದ ಮೇಲಿರುತ್ತದೆ.

ನೀವು ಕೇಳಬಹುದು: ಬಿಸಿಯೂಟದ ಲೆಕ್ಕ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಮಕ್ಕಳ ವಿವರದ ಸ್ಯಾಟ್ಸ್ ಆನ್‌ಲೈನ್ ಎಂಟ್ರಿ, ಮೇಲೆ ಗಣಿತದ ಪಿರಿಯಡ್ಡೂ ನನ್ನದೇ, ಮೂರು ಬತ್ತಿ ಹಚ್ಚಲು ಪುರುಸೊತ್ತೆಲ್ಲಿ? ನ್ಯಾಯವಾದ ಪ್ರಶ್ನೆ, ಇಲಾಖೆಯವರು ಇಲ್ಲೇ ಕೂತಿದ್ದಾರೆ, ಕೇಳಿಸಿಕೊಂಡಿರಲಿ. ಆದರೆ ಪುರುಸೊತ್ತು ಸಿಕ್ಕ ಕಡೆ ನಾವೇನು ಮಾಡುತ್ತಿದ್ದೇವೆ? ಸ್ಮಾರ್ಟ್‌ಬೋರ್ಡ್ ಹಾಕಿ ವಿಡಿಯೊ ತೋರಿಸುತ್ತೇವೆ. ವಿಡಿಯೊದಲ್ಲಿ ನೀರು ಯಾವಾಗಲೂ 100ಕ್ಕೇ ಕುದಿಯುತ್ತದೆ. ಪ್ರಾಜೆಕ್ಟಿನ ಕಥೆಯಂತೂ ಬೇಡ. ಥರ್ಮಾಕೋಲ್ ಸೌರವ್ಯೂಹ, ಅಪ್ಪ-ಅಮ್ಮಂದಿರ ಕೈಚಳಕ.

ಈ ದೇಶದಲ್ಲಿ ಬೇರೆ ದಾರಿ ಹಿಡಿದವರಿದ್ದಾರೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಕಿಶೋರ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಸಂಸ್ಥೆಗಳು ಸೇರಿ ವಿಜ್ಞಾನ ಕಲಿಕೆಯ ಒಂದು ಕಾರ್ಯಕ್ರಮ ಶುರು ಮಾಡಿದವು. ಇವು ಹಳ್ಳಿಯ ಸಾಮಾನ್ಯ ಶಾಲೆಗಳು. ತರಗತಿಯೂ ನಮ್ಮದೇ, ಆರರಿಂದ ಎಂಟು. ‘ಬಾಲ ವೈಜ್ಞಾನಿಕ’ ಎಂಬ ಪುಸ್ತಕದಲ್ಲಿ ಪ್ರಯೋಗವಿತ್ತು, ಪ್ರಶ್ನೆಯಿತ್ತು. ಉತ್ತರವನ್ನು ಮಕ್ಕಳು ಕಂಡುಕೊಂಡು ಬರೆಯಬೇಕಿತ್ತು. ಮುಂದೆ ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೂ ಅದು ಹಬ್ಬಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದರ ಹೊಣೆ ಹೊತ್ತಿತು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಮೂವತ್ತು ವರ್ಷ ನಡೆದದ್ದನ್ನು ಒಂದು ಆದೇಶ ಮುಗಿಸಿಬಿಡಬಲ್ಲದು ಎಂಬುದನ್ನೂ ನೆನಪಿಡೋಣ.

ನನ್ನ ಕಣ್ಣಿಗೆ ಆ ಕಾರ್ಯಕ್ರಮದ ನಿಜವಾದ ಧೈರ್ಯ ಕಂಡದ್ದು ಪರೀಕ್ಷೆಯಲ್ಲಿ. ಕಿಟ್ ಕೊಡುವುದು ಸುಲಭ. ನಮ್ಮಲ್ಲೂ ಕೊಟ್ಟಿದ್ದಾರೆ, ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಭದ್ರವಾಗಿವೆ, ಒಡೆದರೆ ಯಾರು ಜವಾಬು ಹೇಳುವುದು? ಅಲ್ಲಿ ಮಕ್ಕಳು ತಮ್ಮ ಪುಸ್ತಕ ತೆರೆದಿಟ್ಟುಕೊಂಡೇ ಪರೀಕ್ಷೆ ಬರೆದರು, ಪ್ರಯೋಗದ ಪರೀಕ್ಷೆಯೂ ಬೇರೆ ಇತ್ತು. ಪುಸ್ತಕ ತೆರೆದಿದ್ದ ಮೇಲೆ ‘ಬಿಟ್ಟ ಸ್ಥಳ ತುಂಬಿ’ ಎಂದು ಕೇಳಿ ಏನು ಪ್ರಯೋಜನ? ಪ್ರಶ್ನೆ ತೆಗೆಯುವವರು ತಾವೇ ತಲೆ ಓಡಿಸಬೇಕಾಯಿತು. ನಮ್ಮಲ್ಲಿ ಪರೀಕ್ಷೆ 100 ಎಂಬ ಉತ್ತರಕ್ಕೆ ಅಂಕ ಕೊಡುವವರೆಗೂ ಯಾವ ಮೇಷ್ಟ್ರೂ 97ನ್ನು ಉಳಿಸಿಕೊಳ್ಳಲು ಹೋಗುವುದಿಲ್ಲ. ಮೇಷ್ಟ್ರನ್ನು ದೂರಿ ಫಲವಿಲ್ಲ.

ಕಿಟ್ಟೂ ಬೇಡ, ಬೀರುವಿನ ಬೀಗದ ಕೈಯೂ ಬೇಡ, ಇಂಥದ್ದೊಂದನ್ನು ಈ ವರ್ಷ ಎಲ್ಲರೂ ಮಾಡಬಹುದು. ಶಾಲೆಯ ಅಂಗಳದಲ್ಲಿ ಒಂದು ನೆಟ್ಟಗಿನ ಕೋಲು ಊರಿ, ತೂಕದ ದಾರ ಇಳಿಬಿಟ್ಟು ಲಂಬ ನೋಡಿ. ಹನ್ನೆರಡರಿಂದ ಒಂದು ಗಂಟೆಯವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಕಲ್ಲು ಇಡಿಸಿ. ಮಧ್ಯಾಹ್ನ ಹನ್ನೆರಡಕ್ಕೆ ನೆರಳು ಅತಿ ಗಿಡ್ಡ ಎಂದು ಎಲ್ಲರೂ ನಂಬಿದ್ದೇವೆ. ಹಾಸನದಲ್ಲಿ ಅದು ಯಾವ ದಿನವೂ ಸರಿಯಾಗಿ ಹನ್ನೆರಡಕ್ಕೆ ಆಗುವುದಿಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು 76ರ ಹತ್ತಿರ; ಡಿಗ್ರಿಗೆ ನಾಲ್ಕು ನಿಮಿಷದಂತೆ ಸುಮಾರು 25 ನಿಮಿಷ ತಡ. ಇದರ ಮೇಲೆ ಭೂಮಿಯ ವಾಲು ಮತ್ತು ದೀರ್ಘವೃತ್ತದ ಹಾದಿಯಿಂದ ಇನ್ನೊಂದಿಷ್ಟು ಹಿಂದುಮುಂದು. ನವೆಂಬರ್ ಮೊದಲ ವಾರ ಸುಮಾರು 12.10ಕ್ಕೆ ಆದದ್ದು, ಫೆಬ್ರವರಿ ನಡುವಿಗೆ 12.40ಕ್ಕೆ ಜಾರುತ್ತದೆ. ಎಂಟನೇ ತರಗತಿಯ ಮಕ್ಕಳಿಗೆ ಕಾರಣ ಪೂರ್ತಿ ಅರ್ಥವಾಗದಿದ್ದರೂ ಚಿಂತೆಯಿಲ್ಲ, ಅರ್ಧ ಗಂಟೆ ಜಾರಿದ್ದು ಅವರ ಕಲ್ಲುಗಳಲ್ಲಿ ಇರುತ್ತದೆ. ‘ಯಾಕೆ ಸಾರ್?’ ಎಂದರೆ ‘ಗೊತ್ತಿಲ್ಲ, ನೋಡೋಣ’ ಎನ್ನಲು ಅಳುಕಬೇಡಿ.

ಮಧ್ಯಾಹ್ನದ ಗೋಷ್ಠಿಯಲ್ಲಿ ನಿರ್ಣಯಗಳ ಕರಡು ಬರಲಿದೆ. ಕಟ್ಟಡ, ಕಿಟ್, ಬಡ್ತಿ ಎಲ್ಲ ಅದರಲ್ಲಿವೆ, ಇರಲಿ. ಇನ್ನೊಂದನ್ನು ಸೇರಿಸಿ: ನಮ್ಮ ಜಿಲ್ಲೆಯ ವಿಜ್ಞಾನ ಪ್ರಶ್ನೆಪತ್ರಿಕೆಯಲ್ಲಿ ಹತ್ತು ಅಂಕ ಮಕ್ಕಳು ತಾವೇ ಮಾಡಿದ ಪ್ರಯೋಗಕ್ಕೆ, ಆ ಭಾಗಕ್ಕೆ ನೋಟ್‌ಬುಕ್ ತೆರೆದಿಡಲು ಅನುಮತಿ. ಮಾದರಿ ಪ್ರಶ್ನೆಯೊಂದನ್ನು ನಾನೇ ಬರೆದು ತಂದಿದ್ದೇನೆ: ‘ನಿಮ್ಮ ಗುಂಪಿನ ಕೋಲಿನ ನೆರಳು ಎಷ್ಟು ಗಂಟೆಗೆ ಅತಿ ಗಿಡ್ಡವಾಗಿತ್ತು? ಪಕ್ಕದ ಗುಂಪಿಗೆ ಬೇರೆ ಸಮಯ ಬಂದಿದ್ದರೆ ಕಾರಣ ಏನಿರಬಹುದು?’ ಇದಕ್ಕೆ ಕೀ ಉತ್ತರ ಎಲ್ಲಿ ಎಂದು ಮೌಲ್ಯಮಾಪಕರು ಕೇಳಿಯೇ ಕೇಳುತ್ತಾರೆ. ಮಗುವಿನ ನೋಟ್‌ಬುಕ್ಕಿನಲ್ಲಿದೆ, ಅದನ್ನೂ ತಿರುವಿ ನೋಡಿ ಅಂಕ ಹಾಕಿ ಎಂದು ನಿರ್ಣಯದಲ್ಲೇ ಬರೆದುಬಿಡೋಣ. ಸೂಚಕರು ನಾನೇ ಆಗುತ್ತೇನೆ, ಅನುಮೋದಕರು ಬೇಕು.